ಸರಸಮ್ಮ ಮಿಸ್ಸಿನ ಕೈಮಾತಿನ ಆಟ

ಶನಿವಾರ, ಬೆಳಗಿನ ಶಾಲೆ. ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ಮೊದಲ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸರಸಮ್ಮನಿಗೆ ಖಾಯಂ. ಬೇರೆ ದಿನಗಳಲ್ಲಾದರೆ ಸಾತನೂರು ದಾಟುವಷ್ಟರಲ್ಲಿ ಒಂದು ಜೊಂಪು ಬಂದು ಹೋಗಿರುತ್ತಿತ್ತು. ಆವತ್ತು ಕಣ್ಣಿಗೆ ಕಣ್ಣು ಹತ್ತಲಿಲ್ಲ. ತೊಡೆಯ ಮೇಲಿನ ಬ್ಯಾಗಿನ ಮೇಲೆ ಕೈಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೂವಿನವಳು ನೋಡುವಷ್ಟು ನೋಡಿ, "ಏನ್ ಮಿಸ್, ಜಪ ಮಾಡ್ತಿದ್ದೀರಾ?" ಎಂದು ಕೇಳಿಯೇ ಬಿಟ್ಟಳು. "ಹೂಂ ಕಣಮ್ಮ, ಜಪಾನೇ" ಎಂದು ಸರಸಮ್ಮ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಜಪವೂ ಅಲ್ಲ, ಏನೂ ಅಲ್ಲ, ಹೆದರಿಕೆ. ಆ ದಿನ ಶಾಲೆ ಬಿಟ್ಟ ಮೇಲೆ ಜಾಲಿಮರದದೊಡ್ಡಿಯ ಬಸವಯ್ಯ ತನ್ನ ಮೊಮ್ಮಗಳು ಸಿರಿಯ ವಿಷಯದಲ್ಲಿ ತೀರ್ಮಾನ ಹೇಳುವವನಿದ್ದ. ಸಿರಿ ಹುಟ್ಟಿನಿಂದ ಕಿವಿ ಕೇಳದ ಹುಡುಗಿ, ಈಗ ನಾಲ್ಕನೇ ತರಗತಿ. ಅವಳನ್ನು ಸರಸಮ್ಮನ ಶಾಲೆಯಲ್ಲೇ ಇರಿಸುವುದೋ, ಮೈಸೂರು ದಾರಿಯಲ್ಲಿರುವ ಕಿವುಡ ಮಕ್ಕಳ ವಸತಿ ಶಾಲೆಗೆ ಕಳಿಸುವುದೋ ಎಂಬುದು ಪ್ರಶ್ನೆ. ಬಸವಯ್ಯ ಒಂದು ಸಲ ಹೂಂ ಅಂದರೆ ಅದು ಹೂಂ, ಊಹೂಂ ಅಂದರೆ ಊಹೂಂ. ಆ ಮನೆಯಲ್ಲಿ ಅದರ ಮೇಲೆ ಅಪೀಲು ಇರಲಿಲ್ಲ.

ಸರಸಮ್ಮನಿಗೆ ಇದು ಬರೀ ಒಂದು ಮಗು ಶಾಲೆ ಬಿಡುವ ಮಾತಾಗಿರಲಿಲ್ಲ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವವನ ಮಗಳಾಗಿ ಹುಟ್ಟಿ, ಮೇಷ್ಟ್ರಗಿರಿ ಓದಿ, ಕನಕಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಯೋಗಾನಂದನನ್ನು ಮದುವೆಯಾಗಿ, ತಾಲ್ಲೂಕಿನ ಮೂಲೆಯ ದೊಡ್ಡಿಗಳೆಂಬ ಪುಟ್ಟ ಊರುಗಳಲ್ಲೇ ಸರ್ವೀಸು ಸವೆಸಿದವಳು ಅವಳು. ಜೊತೆಯವರು ಯಾರ್ಯಾರದೋ ಕೈಕಾಲು ಹಿಡಿದು ಪೇಟೆ ಪಕ್ಕದ ಶಾಲೆಗಳಿಗೆ ವರ್ಗ ಮಾಡಿಸಿಕೊಂಡರು. ಸರಸಮ್ಮನಿಗೆ ಆ ವಿದ್ಯೆ ಹತ್ತಲಿಲ್ಲ. ಮೀಟಿಂಗಿನಲ್ಲಿ ಹಿಂದಿನ ಬೆಂಚು, ಆಫೀಸಿನಲ್ಲಿ ಪ್ರತಿ ಸಲವೂ "ಯಾವ ಶಾಲೆ ಮೇಡಂ ನಿಮ್ದು?" ಎಂದು ಹೊಸದಾಗಿ ಕೇಳಿಸಿಕೊಳ್ಳುವ ಪಾಡು. ಹಾಗೆ ಇದ್ದವಳ ಕೈಗೆ ಸಿರಿ ಸಿಕ್ಕಿದಳು.

ಸೇರಿಸಲು ಬಂದ ದಿನ ಸಿರಿಯ ತಾಯಿ ಭಾನುಪ್ರಿಯ, "ಒಂದ್ ಕಡೆ ಕುಂಡ್ರಿಸ್ಬುಡಿ ಮಿಸ್, ಸುಮ್ನೆ ಕುಂತಿರ್ತಳೆ. ಗಲಾಟೆ ಮಾಡಕಿಲ್ಲ" ಎಂದಿದ್ದಳು. ಹುಡುಗಿ ನಿಜವಾಗಿಯೂ ಸುಮ್ಮನೆ ಕೂತಳು. ತಿಂಗಳುಗಟ್ಟಲೆ ಕೂತಳು. ಕಿಟಕಿಯ ಸರಳು ಹಿಡಿದು ಹೊರಗೆ ನೋಡುವುದು, ಬೇರೆಯವರು ಎದ್ದಾಗ ಏಳುವುದು, ಅವರು ನಕ್ಕಾಗ ಅರ್ಥವಾಗದೆಯೂ ನಗುವುದು. ಆ ಅರ್ಥವಾಗದ ನಗುವನ್ನು ಸರಸಮ್ಮನಿಗೆ ಸಹಿಸಲಾಗಲಿಲ್ಲ. ಇದನ್ನು ನೋಡಿಕೊಂಡು ಸಂಬಳ ತಗೊಳ್ಳೋದು ಪಾಪ ಅಂತ ಮನೆಗೆ ಹೋಗಿ ಗಂಡನ ಮುಂದೆ ಅತ್ತಳು.

ಇಲಾಖೆ ಎರಡು ದಿನದ ತರಬೇತಿ ಕೊಟ್ಟಿತು. ಮೊದಲ ದಿನ ಉದ್ಘಾಟನೆ, ಎರಡನೇ ದಿನ ಸಮಾರೋಪ. ನಡುವೆ ಊಟ ಚೆನ್ನಾಗಿತ್ತು. ಸರಸಮ್ಮ ಅದನ್ನು ನೆಚ್ಚಿಕೊಳ್ಳದೆ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಸನ್ನೆ ಭಾಷೆಯ ವಿಡಿಯೋ ನೋಡಿದಳು. ಒಂದೊಂದು ಸನ್ನೆಯನ್ನೂ ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಹೋಗುವ ತನಕ ಅಭ್ಯಾಸ ಮಾಡಿದಳು. ಆದರೆ ಅವಳೊಬ್ಬಳು ಕಲಿತರೆ ಏನು ಬಂತು? ಸಿರಿ ಮಾತಾಡಬೇಕಾದ್ದು ಜೊತೆಯ ಮಕ್ಕಳ ಹತ್ತಿರ. ದೊಡ್ಡಿಯ ಮಕ್ಕಳೋ, ಪಾಠ ಅಂದರೆ ಆಕಳಿಸುತ್ತಾರೆ, ಆಟ ಅಂದರೆ ಊಟ ಬಿಡುತ್ತಾರೆ. ಸರಿ, ಆಟವೇ ಆಗಲಿ ಎಂದು ಹೊರಟಳು.

ಮೊದಲು ಹೆಸರಿನ ಆಟ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳದ, ಕೈಯಲ್ಲೇ ತೋರಿಸುವ ಒಂದು ಹೆಸರು. ಕೆನ್ನೆಯಲ್ಲಿ ಗುಳಿ ಬೀಳುವ ಚೈತನ್ಯಳಿಗೆ ಕೆನ್ನೆಗೆ ಬೆರಳು ಚುಚ್ಚುವುದೇ ಹೆಸರಾಯಿತು. ಯಾವಾಗಲೂ ಜಾರುವ ಚಡ್ಡಿ ಎಳೆದುಕೊಳ್ಳುವ ಮನುವಿಗೆ ಅದೇ ಹೆಸರಾಯಿತು, ಅವನು ಎಷ್ಟು ಗೊಳೋ ಅಂದರೂ ಬದಲಾಗಲಿಲ್ಲ. ಮಿಸ್ಸಿಗೆ ಮೂಗಿನ ಮೇಲಿನ ಕನ್ನಡಕ ಮೇಲೆ ತಳ್ಳುವ ಸನ್ನೆ. ಆಮೇಲೆ ಸಂತೆ ಆಟ. ಬಣ್ಣ ಸರಿಯಾಗಿ ಕೂರದೆ ಅಂಗಡಿಗೆ ಹೋಗದ ಅರಗಿನ ಗೊಂಬೆಗಳನ್ನು ಸರಸಮ್ಮ ತವರಿನಿಂದ ಚೀಲದಲ್ಲಿ ತಂದು ಹರಡುತ್ತಿದ್ದಳು. ಕೈಯಲ್ಲೇ ಕೇಳಬೇಕು, ಕೈಯಲ್ಲೇ ಚೌಕಾಸಿ. ಎಲ್ಲಕ್ಕಿಂತ ಜೋರು ಬೆನ್ನು ತಟ್ಟುವ ಆಟ. ಮಕ್ಕಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಹಿಂದಿನವರು ಬೆನ್ನು ತಟ್ಟಿದಾಗ ತಿರುಗಿ ಅವರ ಸನ್ನೆ ನೋಡಿಕೊಂಡು, ಮುಂದಿನವರ ಬೆನ್ನು ತಟ್ಟಿ ದಾಟಿಸಬೇಕು. ಕೊನೆಯವರು ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ನಡುವೆ ಯಾರಾದರೂ ಮಾತು ಕೆಡಿಸಿದರೆ ಪಕ್ಕದಲ್ಲಿ ಕೂತವರು ತಪ್ಪು ತಪ್ಪು ಎಂದು ಕಿರುಚಿ ಚಾವಣಿ ಹಾರಿಸುತ್ತಿದ್ದರು.

ಈ ಕೂಗೊಂದನ್ನು ಬಿಟ್ಟರೆ ಎಲ್ಲ ಆಟಕ್ಕೂ ಸರಸಮ್ಮ ಮಾಡಿದ ಒಂದೇ ನಿಯಮ, ಬಾಯಿಗೆ ಬೀಗ. ಆಟದ ಪೀರಿಯಡ್ಡು ಶುರುವಾದಾಗ ಎಲ್ಲರೂ ತುಟಿಯ ಮೇಲೆ ಬೀಗ ತಿರುವಿ ಕೀಲಿಯನ್ನು ಜೇಬಿಗೆ ಹಾಕಿದಂತೆ ಮಾಡಬೇಕು. ಮಾತಾಡಿದವರು ಔಟ್. ಗಂಟೆ ಹೊಡೆದಾಗ ಕೀಲಿ ತೆಗೆಯಬಹುದು. ಗಂಟೆ ಹೊಡೆದದ್ದೇ ತಡ, ಕಟ್ಟೆ ಒಡೆದ ಹಾಗೆ ಕೂಗಾಡುತ್ತಾ ಎಲ್ಲರೂ ಬಯಲಿಗೆ ಓಡುತ್ತಿದ್ದರು. ಸಿರಿ ಮಾತ್ರ ಉಳಿದು, ಚೆಲ್ಲಿದ ಗೊಂಬೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದಳು. ಎಂಥಾ ಅಚ್ಚುಕಟ್ಟಿನ ಹುಡುಗಿ ಎಂದು ಸರಸಮ್ಮ ಅವಳ ಬೆನ್ನು ಸವರುತ್ತಿದ್ದಳು.

ಒಂದು ವರ್ಷದಲ್ಲಿ ಸಿರಿ ಬದಲಾದಳು. ಓದಿದಳು, ಬರೆದಳು, ಜಗಳ ಆಡಿದಳು, ಅರ್ಥವಾಗಿಯೇ ನಕ್ಕಳು. ಯಾರೋ ಪತ್ರಿಕೆಯವನು ಬಂದು ಫೋಟೋ ಹಿಡಿದ. ಜಿಲ್ಲಾ ಪುಟದ ಮೂಲೆಯಲ್ಲಿ ಸರಸಮ್ಮ ಬಂದಳು. ಆಫೀಸಿನಲ್ಲಿ ಎದ್ದು ನಿಂತು "ಬನ್ನಿ ಮೇಡಂ" ಎಂದರು. ಮುಂದಿನ ತಿಂಗಳು ತಾಲ್ಲೂಕಿನ ಶಿಕ್ಷಕರನ್ನೆಲ್ಲ ಕರೆತಂದು ಈ ಆಟಗಳನ್ನು ತೋರಿಸುವುದೆಂದು ನಿಗದಿಯಾಯಿತು. ಇಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಅದರ ರುಚಿ ಹತ್ತದೆ ಇರುತ್ತದೆಯೇ? ಹತ್ತಿತು. ಅವಳೂ ಮನುಷ್ಯಳೇ.

ಅಷ್ಟರಲ್ಲಿ ಸಿರಿಯ ಅಪ್ಪ ಜಯಕುಮಾರ್ ಅಡ್ಡ ಬಂದ. ಬಿಡದಿಯ ಫ್ಯಾಕ್ಟರಿಯಲ್ಲಿ ಅವನ ಕೆಲಸ. ಅಲ್ಲಿ ಯಾರೋ ಹೇಳಿದರೆಂದು ಒಂದು ಭಾನುವಾರ ಮಗಳನ್ನು ಆ ವಸತಿ ಶಾಲೆಗೆ ಕರೆದುಕೊಂಡು ಹೋಗಿ, ಒಂದು ರಾತ್ರಿ ಅಲ್ಲೇ ಬಿಟ್ಟು, ಮಾರನೆಯ ದಿನ ಕರೆತಂದ. ಅಲ್ಲಿಗೇ ಸೇರಿಸ್ತೀನಿ ಎಂದು ಹಠ ಹಿಡಿದ. ಭಾನುಪ್ರಿಯ ಊಟ ಬಿಟ್ಟಳು. ಸರಸಮ್ಮನಿಗೆ ಮೈಯೆಲ್ಲ ಉರಿಯಿತು. ಬಸ್ ಸ್ಟಾಪಿನಲ್ಲಿ ಭಾನುಪ್ರಿಯಳನ್ನು ಹಿಡಿದು, "ಹಾಸ್ಟೆಲ್ ಅಂದ್ರೆ ಏನಂದ್ಕೊಂಡಿದ್ದೀಯಾ? ರಾತ್ರಿ ಜ್ವರ ಬಂದ್ರೆ ಯಾರಿಗೆ ಹೇಳ್ತಾಳೆ? ಹೆತ್ತವಳು ನೀನು, ಗಟ್ಟಿಯಾಗಿ ನಿಲ್ಲು" ಎಂದು ಚೆನ್ನಾಗಿ ಕಿವಿ ಊದಿದಳು. ಆ ಪ್ರವಾಸದಿಂದ ಬಂದ ದಿನ ಸಿರಿ ಓಡಿ ಬಂದು ಮಿಸ್ಸಿನ ಮುಂದೆ ಏನೇನೋ ಕೈಯಾಡಿಸಿದ್ದಳು. ಆಮೇಲೆ ಹೇಳು, ಈಗ ಆಟ ಎಂದು ಸರಸಮ್ಮ ಅವಳನ್ನು ಸಾಲಿಗೆ ತಳ್ಳಿದ್ದಳು. ಆ "ಆಮೇಲೆ" ಬರಲೇ ಇಲ್ಲ.

ಆ ಶನಿವಾರ ಸರಸಮ್ಮ ಬಸ್ಸು ಇಳಿದು ಶಾಲೆಗೆ ಬಂದಳು. ಬೆಳಗಿನ ಪಾಠ ಹೇಗೆ ಮುಗಿಯಿತೋ ಅವಳಿಗೇ ತಿಳಿಯದು. ಬಿಸಿಲು ಏರುವ ಹೊತ್ತಿಗೆ ಬಸವಯ್ಯ ಹೆಗಲ ಮೇಲೆ ಟವಲು ಹಾಕಿಕೊಂಡು ಬಂದು, ಜಗುಲಿಯಲ್ಲಿ ಹಾಕಿದ್ದ ಶಾಲೆಯ ಒಂದೇ ಒಂದು ಕೈಕುರ್ಚಿಯಲ್ಲಿ ಕೂತ. ಎರಡನೇ ಶಿಫ್ಟಿಗೆ ಹೊರಟಿದ್ದ ಜಯಕುಮಾರ್ ಯೂನಿಫಾರಂನಲ್ಲೇ ಬಂದು ಕಂಬಕ್ಕೆ ಒರಗಿ ನಿಂತ. ಭಾನುಪ್ರಿಯ ಮೆಟ್ಟಿಲ ಮೇಲೆ ಕೂತಳು, ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

"ಮೊದ್ಲು ಒಂದಾಟ ನೋಡಿ ಬಸವಯ್ಯನೋರೆ, ಆಮೇಲೆ ಮಾತು" ಎಂದು ಸರಸಮ್ಮ ಉಳಿಸಿಕೊಂಡಿದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಅವಳು ಆರಿಸಿಕೊಂಡ ಮಾತು, "ಆನೆ ರಾಗಿ ಹೊಲಕ್ಕೆ ಬಂತು." ಕಾಡಂಚಿನ ಆ ಊರಿನ ಮಕ್ಕಳು ನಿದ್ದೆಯಲ್ಲೂ ತಪ್ಪದೆ ಹೇಳುವ ಮಾತು ಅದು. ಸ್ವಲ್ಪ ಕಳ್ಳಾಟವೇ ಅನ್ನಿ. ಬೆನ್ನಿಂದ ಬೆನ್ನಿಗೆ ತಟ್ಟುತ್ತಾ ತಟ್ಟುತ್ತಾ ಮಾತು ದಾಟಿತು. ಯಾರ ತುಟಿಯೂ ಅಲ್ಲಾಡಲಿಲ್ಲ. ಕೊನೆಯಲ್ಲಿ ನಿಂತಿದ್ದ ಸಿರಿ ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲೆ ದುಂಡಗೆ ಬರೆದಳು. ಒಂದಕ್ಷರ ತಪ್ಪಿರಲಿಲ್ಲ.

ಬಸವಯ್ಯ ಎದ್ದು ಹತ್ತಿರ ಹೋಗಿ ಓದಿ, "ಬಂದಿತ್ತು ಕಣವ್ವ, ಹೋದ್ವಾರ ಬಂದು ಅರ್ಧ ಹೊಲ ತುಳಿದ್ಬುಡ್ತು" ಎಂದು ನಕ್ಕ. ಮಕ್ಕಳೂ ನಕ್ಕವು. ಗೆದ್ದೆ ಅಂದುಕೊಂಡಳು ಸರಸಮ್ಮ.

ಜಯಕುಮಾರ್ ನಗಲಿಲ್ಲ. "ಆಟ ಚೆನ್ನಾಗೈತೆ ಮೇಡಂ. ಇಲ್ಲ ಅನ್ನಕಿಲ್ಲ. ನೀವಿಲ್ದೆ ಹೋಗಿದ್ರೆ ನನ್ ಮಗ್ಳು ಇನ್ನೂ ಕಿಟ್ಕಿತಾವೇ ಕುಂತಿರೋಳು. ಆದ್ರೆ ಇಲ್ಲಿ ಐದನೇ ಕ್ಲಾಸ್ಗಂಟ ತಾನೆ? ಆಮೇಲೆ ದೊಡ್ಡ ಸ್ಕೂಲ್ಗೋದ್ರೆ ಅಲ್ಲಿ ಇವಳ್ಜೊತೆ ಯಾರು ಕೈಯಾಡಿಸ್ತಾರೆ?"

"ಅಲ್ಲಿಗೂ ಹೋಗಿ ಕಲಿಸ್ತೀನಿ" ಎಂದಳು ಸರಸಮ್ಮ. ದನಿ ಬೇಕಿದ್ದಕ್ಕಿಂತ ಏರಿತ್ತು. "ಹೆತ್ತ ತಾಯಿಯಿಂದ ಕಿತ್ತು ಎಲ್ಲೋ ಬಿಡೋದಕ್ಕಿಂತ ಅದು ಮೇಲಲ್ವಾ?"

"ಕೇಳ್ಕಳಿ ಮಾವ, ಮಿಸ್ಸೇ ಯೋಳ್ತಾವ್ರೆ" ಎಂದು ಭಾನುಪ್ರಿಯ ಮೂಗು ಸೆಳೆದಳು.

ಬಸವಯ್ಯ ಟವಲಿನಿಂದ ಮುಖ ಒರೆಸಿಕೊಂಡ. ಮಗನನ್ನು ನೋಡಿದ, ಸೊಸೆಯನ್ನು ನೋಡಿದ. ಆಮೇಲೆ ಯಾರೂ ನೆನೆಸದ ಮಾತು ಆಡಿದ. "ಅಲ್ಲ ಕಣವ್ವ, ನಾವು ನಾವೇ ಬಡ್ಕತಾ ಇದೀವಿ. ಕೂಸ್ನ ಒಂದ್ಮಾತು ಕೇಳ್ಬಾರ್ದಾ? ಈಗ ಅವಳ್ಗೆ ಮಾತು ಕಲಿಸಿದ್ದೀರಲ್ಲ."

ಸರಸಮ್ಮ ಸಿರಿಯ ಕಡೆ ತಿರುಗಿದಳು. ಇಷ್ಟು ಆಟ ಆಡಿಸಿದ್ದಳು, ಇಷ್ಟು ಪ್ರಶ್ನೆ ಕೇಳಿದ್ದಳು. ಇದು ಯಾವ ಹಣ್ಣು, ಅದು ಯಾವ ಬಣ್ಣ, ಆನೆ ಎಲ್ಲಿಗೆ ಬಂತು. ಎಲ್ಲವೂ ತನಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳೇ. ತನಗೆ ಗೊತ್ತಿಲ್ಲದ್ದನ್ನು ಆ ಹುಡುಗಿಯ ಹತ್ತಿರ ಒಂದು ಸಲವೂ ಕೇಳಿರಲಿಲ್ಲ. ಅಲ್ಲಿದ್ದ ದೊಡ್ಡವರಲ್ಲಿ ಸನ್ನೆ ಬಲ್ಲವಳು ತಾನೊಬ್ಬಳೇ ಎಂಬುದೂ ಅದೇ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು.

ಸಿರಿಯನ್ನು ಮುಂದೆ ನಿಲ್ಲಿಸಿಕೊಂಡು ಕೈಯಲ್ಲಿ ಕೇಳಿದಳು. ಈ ಶಾಲೆ ನಿನಗೆ ಇಷ್ಟ ತಾನೆ? ಸಿರಿ ತಲೆಯಾಡಿಸಿದಳು. "ಇಷ್ಟ ಅಂತಾಳೆ" ಎಂದು ಸರಸಮ್ಮ ತಿರುಗಿದಳು.

"ಅಂಗಲ್ಲ ಮೇಡಂ" ಎಂದ ಜಯಕುಮಾರ್. "ಅಲ್ಲಿಗೆ ಹೋಯ್ತೀಯಾ, ಇಲ್ಲೇ ಇರ್ತೀಯಾ ಅಂತ ಕೇಳಿ."

ಕೇಳದೆ ವಿಧಿಯಿರಲಿಲ್ಲ. ಕೇಳಿದಳು. ಅಲ್ಲಿ, ಇಲ್ಲಿ, ನಿನಗೆ ಯಾವುದು ಬೇಕು?

ಸಿರಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಶುರು ಮಾಡಿದಳು. ಅವಳು ಅಷ್ಟುದ್ದ ಮಾತಾಡಿದ್ದನ್ನು ಸರಸಮ್ಮ ಎಂದೂ ನೋಡಿರಲಿಲ್ಲ. ಅಲ್ಲಿಗೆ ಹೋಗುತ್ತೇನೆ. ಅಲ್ಲಿ ಅಡುಗೆಯವಳೂ ಕೈಯಲ್ಲಿ ಮಾತಾಡುತ್ತಾಳೆ. ದೀಪ ಆರಿಸುವ ತನಕ ಹುಡುಗಿಯರು ಮಾತಾಡುತ್ತಾರೆ. ಇಲ್ಲಿ ಆಟ ಚೆನ್ನ. ಇಲ್ಲಿ ಗಂಟೆ ಹೊಡೆದರೆ ಎಲ್ಲರೂ ಕೀಲಿ ತೆಗೆದು ಓಡುತ್ತಾರೆ. ಆಗ ನನ್ನ ಬಾಯಿಗೆ ಬೀಗ. ನಾನು, ಗೊಂಬೆ, ಚೀಲ.

ಅಚ್ಚುಕಟ್ಟಿನ ಹುಡುಗಿ ಎಂದು ಬೆನ್ನು ಸವರಿದ್ದೆಲ್ಲ ಒಟ್ಟಿಗೆ ಬಂದು ಸರಸಮ್ಮನ ಎದೆಗೆ ಗುದ್ದಿತು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ಬರುವ ಶಿಕ್ಷಕರು, ಎದ್ದು ನಿಂತ ಆಫೀಸಿನವರು, ಖಾಲಿಯಾಗುವ ಕಿಟಕಿಯ ಜಾಗ, ಎಲ್ಲವೂ ಕಣ್ಣ ಮುಂದೆ ಬಂದುಬಿಟ್ಟವು.

"ಇಲ್ಲೇ ಇರ್ತೀನಿ ಅಂತಾಳೆ" ಎಂದಳು.

"ತಪ್ಪು ಮಿಸ್!"

ಕೂಗಿದ್ದು ಚೈತನ್ಯ. ಅವಳ ಹಿಂದೆಯೇ ಇಡೀ ಸಾಲು. "ತಪ್ಪು, ತಪ್ಪು! ಅವ್ಳು ಅಂಗನ್ನಲಿಲ್ಲ ಮಿಸ್!" ಮನು ಚಡ್ಡಿ ಎಳೆದುಕೊಂಡು ಮುಂದೆ ಬಂದು, "ಅಲ್ಲಿಗೋಯ್ತೀನಿ ಅಂದ್ಲು. ನೀವು ಸರ್ಯಾಗಿ ನೋಡ್ಲಿಲ್ಲ ಮಿಸ್, ಇನ್ನೊಂದ್ಸಲ ಕೇಳಿ" ಎಂದ. ಬೆನ್ನು ತಟ್ಟುವ ಆಟದಲ್ಲಿ ಮಾತು ಕೆಟ್ಟಾಗ ಹೇಗೆ ಕೂಗುತ್ತಿದ್ದರೋ ಹಾಗೆಯೇ ಕೂಗಿದರು. ಮಿಸ್ಸೂ ಒಂದೊಂದು ಸಲ ಔಟಾಗುತ್ತಾರೆ ಎಂಬುದಷ್ಟೇ ಅವರಿಗೆ ಖುಷಿ.

ಜಯಕುಮಾರ್ ಕಂಬ ಬಿಟ್ಟು ನೆಟ್ಟಗೆ ನಿಂತ. ಬಸವಯ್ಯ ಸರಸಮ್ಮನನ್ನು ಒಂದು ಸಲ ನೋಡಿ ಕಣ್ಣು ತೆಗೆದು, "ನಡೀರ್ಲಾ ಆಚೆಗೆ" ಎಂದು ಉಳಿದ ಮಕ್ಕಳನ್ನೆಲ್ಲ ಬಯಲಿಗೆ ಅಟ್ಟಿದ. ಅವನು ಬೈದಿದ್ದರೂ ಆಗುತ್ತಿತ್ತು. ಮಕ್ಕಳ ಮುಂದೆ ಅವಳ ಮಾನ ಉಳಿಸಿದ್ದು ಸರಸಮ್ಮನಿಗೆ ಇನ್ನೂ ನಾಚಿಕೆ ತಂದಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿಕೊಳ್ಳಬೇಕಾಗಿದ್ದುದು ಕಣ್ಣು.

"ಸುಳ್ಳು ಹೇಳಿದೆ ಬಸವಯ್ಯನೋರೆ" ಎಂದಳು. "ಮಕ್ಕಳು ಹೇಳಿದ್ದೇ ಸರಿ. ಇನ್ನೊಂದ್ಸಲ ಕೇಳ್ತೀನಿ. ಈ ಸಲ ಅವಳು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ತೀನಿ."

ಸಿರಿ ಮತ್ತೆ ಹೇಳಿದಳು. ಸರಸಮ್ಮ ಒಂದೊಂದನ್ನೂ ಬಾಯಲ್ಲಿ ಇಳಿಸಿದಳು. ಅಡುಗೆಯವಳನ್ನು, ದೀಪವನ್ನು, ಗಂಟೆಯನ್ನು, ಗೊಂಬೆಯ ಚೀಲವನ್ನು. ಯಾವುದನ್ನೂ ಬಿಡಲಿಲ್ಲ, ಮೆತ್ತಗೆ ಮಾಡಲಿಲ್ಲ.

"ಹೋಗ್ಲಿ ಬುಡಪ್ಪ" ಎಂದ ಬಸವಯ್ಯ. ಎದ್ದು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಮಗನನ್ನು ಕರೆದುಕೊಂಡು ಅಂಗಳಕ್ಕೆ ಇಳಿದ.

ಜಗುಲಿಯಲ್ಲಿ ಮೂವರೇ ಉಳಿದರು. ಭಾನುಪ್ರಿಯ ಬೈಯುತ್ತಾಳೆ ಎಂದು ಸರಸಮ್ಮ ಕಾದಳು. ಬೈಯಲಿ, ಬೈಸಿಕೊಳ್ಳಬೇಕಾದ್ದೇ. ಭಾನುಪ್ರಿಯ ಮಗಳ ಕೈಗಳನ್ನೇ ನೋಡುತ್ತಿದ್ದಳು.

"ಇಷ್ಟೊಂದು ಮಾತಾಡ್ತಾಳಾ ಮಿಸ್ ನನ್ ಮಗ್ಳು?"

"ಮಾತಾಡ್ತಾಳೆ ಕಣವ್ವ."

"ನನ್ ವಿಸ್ಯ ಏನಾರ ಅಂದ್ಲಾ?"

ಈಗ ತಪ್ಪು ಎಂದು ಕೂಗುವ ಮಕ್ಕಳು ಹತ್ತಿರದಲ್ಲಿ ಇರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಆ ತಾಯಿ ರಾತ್ರಿ ನಿದ್ದೆ ಮಾಡುತ್ತಿದ್ದಳು. ಹೇಳಿದ್ದರೆ ಪುಣ್ಯವೇ ಬರುತ್ತಿತ್ತೇನೋ. ಸರಸಮ್ಮ ಹೇಳಲಿಲ್ಲ.

"ಇಲ್ಲವ್ವ, ಏನೂ ಅನ್ನಲಿಲ್ಲ. ನೀನೇ ಕೇಳು" ಎಂದು ಭಾನುಪ್ರಿಯಳ ಕೈಗಳನ್ನು ತೆಗೆದುಕೊಂಡು, ನಾನು ನೆನಪಾಗುತ್ತೀನಾ ಎಂದು ಕೇಳುವ ಸನ್ನೆಗಳನ್ನು ತೋರಿಸಿಕೊಟ್ಟಳು. ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚಿ ಹೆಚ್ಚಿ ಒರಟಾದ ಬೆರಳುಗಳು, ಹೇಳಿದಂತೆ ಬಾಗಲಿಲ್ಲ. ಎರಡು ಸಲ ಕೆಟ್ಟಿತು. ಮೂರನೆಯ ಸಲ ಸಿರಿ ತಾನೇ ಬಂದು ಅಮ್ಮನ ಹೆಬ್ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಕೂರಿಸಿದಳು. ಪ್ರಶ್ನೆ ಅರ್ಥವಾಯಿತು. ಹುಡುಗಿ ಅಮ್ಮನ ಮುಖವನ್ನು ತುಂಬಾ ಹೊತ್ತು ನೋಡಿ, ಚಿಕ್ಕದಾಗಿ ಉತ್ತರ ಹೇಳಿದಳು.

"ಏನಂದ್ಲು ಮಿಸ್? ಅಂದಂಗೇ ಯೋಳಿ."

"ಅಮ್ಮ ನೆನಪಾಗ್ತಾಳೆ ಅಂತಾಳೆ" ಎಂದಳು ಸರಸಮ್ಮ. "ಆದ್ರೆ ಪಾಪ, ಅಮ್ಮಂಗೆ ಮಾತು ಬರಲ್ಲ ಅಂತಾಳೆ."

ಭಾನುಪ್ರಿಯ ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲ ಮೇಲೆ ಮಗಳಿಗೆ ಎದುರಾಗಿ ಕೂತು, ಎರಡೂ ಕೈಗಳನ್ನು ಅವಳ ಮುಂದೆ ಚಾಚಿದಳು. ಸಿರಿ ಮೊದಲು ಮಿಸ್ಸನ್ನು ನೋಡಿದಳು, ಆಮೇಲೆ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿಕೊಡಲು ಕೂತಳು.